ಒಲಿಗೊಂದು ಸೇರು ಜ್ವಾಳ

ನಾ ಈಗ ಹೇಳೂದನ್ನ ನೀವು ನಂಬಂಗಿಲ್ಲ. ನಂಬದಿದ್ರ ನನಗ ಸಿಟ್ಟೂ ಇಲ್ಲ. ನಮ್ಮ ಓಣ್ಯಾಗ ನಾನು "ಹೊತ್ತು ಮುಳಗೇತಿ" ಅಂದ್ರೂ ಮಂದಿ ಹೊರಗ ಬಂದು ಒಮ್ಮಿ ಆಕಾಶ ನೋಡಿ ಆಮ್ಯಾಲ ಕಂದೀಲ ಹಚ್ಚತಾರು. ಆದ್ರ ಮೈಸೂರು ಸರಕಾರದ ಒಬ್ಬ ದೊಡ್ಡ ಸಾಹೇಬ, ಇಸ್ತ್ರಿ ಪಾಟಲೋನ ಹಾಕ್ಕೊಂಡಾಂವ, ಮೂಡಲಗಿ ಹತ್ತಿರ ನಮ್ಮ ಗ್ಯಾಂಗಿನ ಗುಡಸಲದಾಗ ಮೊಣಕಾಲೂರಿ ಕುಂತು, ಒಲಿ ಬೂದ್ಯಾಗ ಕೈ ಹಾಕಿ, "ಇದು ಬೆಚ್ಚಗಿದೆ, ಬರೆದುಕೊಳ್ಳಿ" ಅಂತ ಗುಮಾಸ್ತಗ ಹೇಳಿದ್ದು ಖರೆ. ನಾ ಬಾಜೂಕ ನಿಂತಿದ್ನಿ. ಸಾಹೇಬನ ಕೈ ಒರಸಾಕ ಅರಬಿ ಕೊಟ್ಟಾವನೂ ನಾನ. ಆ ಅರಬಿ ಸಾಹೇಬನ ಕೈಗಿಂತ ಹೊಲಸಿತ್ತು, ಅದು ಬ್ಯಾರೆ ಮಾತು.

ನಾ ಅವಾಗ ಕಾಲುವಿ ಗ್ಯಾಂಗಿನ್ಯಾಗ ಕೂಲಿ ಇದ್ನಿ. ವಯಸ್ಸು ಹದಿನೇಳು. ಸರಕಾರಿ ಲೆಕ್ಕದಾಗ ಹತ್ತೊಂಬತ್ತು, ಯಾಕಂದ್ರ ಏಳನೇತ್ತಾದ ಮುಲ್ಕಿ ಪರೀಕ್ಷಾದಾಗ ನಾಪಾಸಾದ ಎರಡು ವರ್ಷಾನ ನಮ್ಮ ಮುಕಾದಮ ಇನ್ನೊಮ್ಮಿ ಕೂಡಿಸಿ ಬರಸಿದ್ದ. ಮುಕಾದಮ ಅಂದ್ರ ಗ್ಯಾಂಗಿನ ಮ್ಯಾಲಿನಾಂವ. ನಾವು ಗುದ್ದಲಿ ಎತ್ತೂಮಟಾ ಕೊಡಿ ಕೆಳಗ ನಿಂತು ನಮ್ಮನ್ನ ನೋಡೂದು ಅವನ ಕೆಲಸ. ಕಾಲುವ್ಯಾಗ ನೀರಿದ್ದಾಗ ದಂಡಿ ಒಡೀದಂಗ ಮಣ್ಣು ಹಾಕಿ ಕಾಯಬೇಕು. ಬ್ಯಾಸಗ್ಯಾಗ ನೀರು ಬಂದ ಮಾಡಿದ ಮ್ಯಾಲ ತಳದ ಹೂಳ ತಗೀಬೇಕು. ಗಂಡಮಕ್ಕಳು ಕಡಿಯೂದು, ಹೆಣ್ಮಕ್ಕಳು ಬುಟ್ಟ್ಯಾಗ ಹೊತ್ತು ದಂಡಿ ಮ್ಯಾಲ ಚೆಲ್ಲೂದು. ನಮ್ಮವ್ವನೂ ಬುಟ್ಟಿ ಹೊರತಿದ್ಲು. ಅಪ್ಪ ನಾ ಸಣ್ಣಾಂವಿದ್ದಾಗ ತೀರಿಕೊಂಡಿದ್ದ, ಹಿಂಗಾಗಿ ಗುಡಸಲದಾಗ ನಾವಿಬ್ಬರ. ಅವ್ವ ಹೊರೂದು ಹೂಳ, ನಾ ಹೊರಸೂದು ಮಾತು.

ಗ್ಯಾಂಗಿನ್ಯಾಗ ಒಂದು ಯೂನಿಯನ್ನಿತ್ತು. ಅದರ ಮುಖಂಡ ಹುಕ್ಕೇರಿ ಕಡೆಯ ಒಬ್ಬ ಗೌಂಡಿ, ಕಾಲುವಿ ದಂಡಿಗಿ ಕಲ್ಲು ಕೂಡಸಾಂವ. ವಯಸ್ಸಾದಾಂವ, ಎಲ್ಲಾರೂ ಚಾಚಾ ಅಂತಿದ್ರು. ಚಾಚಾ ಕಲ್ಲಿನ ಗತೆ ಮಾತಾಡಾಂವ: ಒಂದಿಟ್ಟು, ಅದು ಕುಂತದ್ದನ್ನ ನೋಡಿ, ಆಮ್ಯಾಲ ಇನ್ನೊಂದು ಇಡತಿದ್ದ. ಅಂವ ಒಂದು ಮಾತು ಮುಗಸೂದ್ರಾಗ ನಾ ಊರಾಗಿನ ಎಲ್ಲಾ ಸುದ್ದಿ ಹೇಳಿ, ಇಲ್ಲದ ಸುದ್ದಿ ಎರಡು ಹುಟ್ಟಿಸಿ ಬರತಿದ್ನಿ.

ಈ ಯೂನಿಯನ್ನು ಅರ್ಜಿ ಮ್ಯಾಲ ಅರ್ಜಿ ಕೊಟ್ಟು, ವಾರಕ್ಕೊಂದು ಸೂಟಿ ತಂತು. ಅದೂ ಪಗಾರ ಕಡೀದಂಗ. ಅರ್ಜಿಗಿ ಮೊದಲ ಹೆಬ್ಬಟ್ಟ ಒತ್ತಿದಾಂವ ನಮ್ಮ ಗೇಟಿನಣ್ಣ, ಕಾಲುವಿ ಗೇಟು ತಗದು ಮುಚ್ಚಾಂವ. ನಮಗೆಲ್ಲಾ ವಾರಕ್ಕೊಂದು ದಿನ ಸೂಟಿ ಸಿಕ್ತು. ಗೇಟಿನಣ್ಣಗ ಏಳೂ ದಿನ ಸಿಕ್ತು. ಹೊತ್ತಲ್ಲದ ಹೊತ್ತಿನ್ಯಾಗ ಗೇಟು ತಗದು ಯಾರದೋ ಕಬ್ಬಿನ ಹೊಲಾ ಮುಳಗಿಸಿದ ಅಂತ ಹೇಳಿ ಅವನ್ನ ಕೆಲಸದಿಂದ ತಗದು ಹಾಕಿದ್ರು. ಮುಳಗಿದ ಹೊಲಾ ಯಾವುದಂತ ಇವತ್ತಿಗೂ ಯಾರೂ ತೋರಸಿಲ್ಲ.

ಇದರಾಗ ನಗೂದೇನೂ ಇಲ್ಲ. ಅವಂಗ ಮೂರು ಮಕ್ಕಳು, ಸರಕಾರಿ ಖೋಲಿ ಬಿಡಸಿದ್ರು. ನಮ್ಮ ಗುಡಸಲ ಸಾಲಿನ ಕಡೀಕ ಒಂದು ತಟ್ಟಿ ಕಟಗೊಂಡು ಇದ್ದ. ಹೆಂಡತಿ ನಮ್ಮವ್ವನ ಸಂಗತೀಲೆ ಬುಟ್ಟಿ ಹೊರಾಕ ಬಂದ್ಲು. ದಿನಾ ಸಂಜಿಕ ಅಂವ ದಂಡಿ ಮ್ಯಾಲ ಹೋಗಿ ನಿಂತು ನೀರು ನೋಡಿ, "ನಾಕ ಬೊಟ್ಟ ಏರೇತಿ, ಸ್ವಲ್ಪ ತಗೀಬೇಕು" ಅಂತಿದ್ದ. ಹೊಸಾ ಗೇಟಿನಾಂವ "ನಿಂದೇನೈತಿ ಇಲ್ಲಿ, ಹೋಗ ಮಾರಾಯಾ" ಅಂತಿದ್ದ. ಇಂವ ಬರತಿದ್ದ. ಮರುದಿನ ಮತ್ತ ಹೋಗತಿದ್ದ.

ಅವನ್ನ ವಾಪಸ ಕೆಲಸಕ್ಕ ತರಾಕ ಬೆಳಗಾಂವ್ಯಾಗ ಯೂನಿಯನ್ನು ಕೇಸ ಹಾಕಿತ್ತು. ಕೇಸಂದ್ರ ವಕೀಲ, ವಕೀಲ ಅಂದ್ರ ಫೀ, ತಾರೀಖಂದ್ರ ಬಸ್ಸು. ಮ್ಯಾಲ ಅವನ ಮಕ್ಕಳ ಹೊಟ್ಟಿ. ಚಾಚಾ ಒಂದ ದಿನ ಎಲ್ಲಾರನ್ನೂ ಕೂಡಿಸಿ ಹೇಳಿದ, "ಸೂಟಿ ಎಲ್ಲಾರೂ ತಿಂದಾರು. ಮೇಂಬರೂ ತಿಂದಾರು, ಮೇಂಬರ ಅಲ್ಲದಾವ್ರೂ ತಿಂದಾರು. ರೊಟ್ಟಿ ತಿನ್ನಾವ್ರೆಲ್ಲಾ ಒಲಿಗಿ ಒಂದೊಂದು ಕಟಿಗಿ ಇಡಬೇಕು ನೋಡ್ರಿ ಭಾಯಿ."

ಪಾಲು ಹೆಂಗ ಹಾಕೂದು ಅನ್ನೂದಕ್ಕ ದೊಡ್ಡ ವಿಚಾರ ಏನೂ ಆಗಲಿಲ್ಲ. ಊರಾಗ ಬಾವಿ ಹೂಳ ತಗಿಯೂದಿದ್ರ, ಗುಡಿಗಿ ಸುಣ್ಣಾ ಹಚ್ಚೂದಿದ್ರ ಪಟ್ಟಿ ಹಾಕತಾರಲ್ಲ, ಹಂಗ: ಒಲಿಗಿಷ್ಟು. ಎಲ್ಲಿ ಒಲಿ ಉರೀತೈತೋ ಅಲ್ಲಿಂದ ತಿಂಗಳಿಗೊಂದು ಸೇರು ಜ್ವಾಳ. ಪಟ್ಟಿ ಹಾಕಿದ ಊರಾಗ ಕಟ್ಟಿ ಮ್ಯಾಲ ಕುಂತು ಮಾತಾಡಾವ್ರು ಗಂಡಸರು. ಯೂನಿಯನ್ನಿನ ನಿಯಮದಾಗೂ ಮೇಂಬರು ಅಂದ್ರ ಗಂಡಾಳು ಅಂತ ಮೊದಲ ಬರದಿತ್ತು. ಎರಡನ್ನೂ ಕೂಡಿಸಿ ಒಂದು ಮಾಡಿದ್ರು: ಪಾಲು ಎಲ್ಲಾ ಒಲಿಯಿಂದ, ಮಾತು ಗಂಡಸರದು. ಊರ ನಡಾವಳಿ ಅದು, ಯಾರೂ ಬಾಯಿ ತಗೀಲಿಲ್ಲ.

ಪಾಲು ಎತ್ತಾಕ ನನ್ನ ನೇಮಿಸಿದ್ರು. ಯಾಕ ನೀನ ಅಂದ್ರ, ನನ್ನ ಮ್ಯಾಲ ಯಾರಿಗೂ ಬಾಳ ಹೊತ್ತು ಸಿಟ್ಟು ಮಾಡಾಕ ಬರಂಗಿಲ್ಲ. ಬೈಯಾಕ ಬಾಯಿ ತಗದಾವ್ರು ನಕ್ಕ ಬಾಯಿ ಮುಚ್ಚತಾರು. ಇದು ನನ್ನ ಮಾತಲ್ಲ, ಚಾಚಾನ ಮಾತು. ಚಾಚಾ ಇಷ್ಟುದ್ದ ಹೇಳಲಿಲ್ಲ, "ಇವನ್ನ ಕಳಸ್ರಿ" ಅಂದ. ಉಳಿದದ್ದು ಅವನ ಮನಸಿನ್ಯಾಗಿತ್ತು.

ಜ್ವಾಳ ಅಳೆಯೂದು ಸಣ್ಣ ಕೆಲಸ ಅಂತ ತಿಳಕೋಬ್ಯಾಡ್ರಿ. ಸೇರು ನೆಲದ ಮ್ಯಾಲ ಇಡಬೇಕು, ಕೈಯಾಗ ಹಿಡೀಬಾರದು. ಮನಿಯವರ ಕೈಲೇನ ಸುರಿಸಬೇಕು. ತುಂಬಿ ಗುಡ್ಡಿ ಆದಮ್ಯಾಲ ಅಂಗೈಲೆ ಸವರಿ ಮಟ್ಟ ಮಾಡಬೇಕು, ಸವರಿದ್ದು ಅವರ ಗಡಿಗಿಗೇ ವಾಪಸ ಹೋಗಬೇಕು. ಮೊದಲನೇ ಸೇರಿಗಿ "ಒಂದು" ಅನ್ನಂಗಿಲ್ಲ, "ಲಾಭ" ಅನ್ನಬೇಕು. ನಮ್ಮ ಕಡೆ ಕಣದಾಗ ಹಂಗ ಎಣಸತಾರು. ನನ್ನ ಎಣಿಕಿ ಎಲ್ಲಾ ಮನ್ಯಾಗೂ ಲಾಭಕ್ಕ ಸುರುವಾಗಿ ಲಾಭಕ್ಕ ಮುಗೀತಿತ್ತು.

ಒಬ್ಬಾಕಿ ಮುದುಕಿ ಪ್ರತಿ ಸಲ ಕೇಳಾಕಿ, "ಯಾರಿಗೋ ಲಾಭ?"

"ಗೇಟಿನಣ್ಣನ ಮಕ್ಕಳಿಗಿ, ಆಯಿ."

"ಹಂಗಾರ ಸವರಬ್ಯಾಡ. ಗುಡ್ಡಿ ಸಕಟ ಒಯ್ಯಿ."

ಹಿಂಗ ಎರಡು ಮೂರು ತಿಂಗಳು ಚಲೋ ನಡೀತು. ಅರ್ಧ ಜ್ವಾಳ ಗೇಟಿನಣ್ಣನ ತಟ್ಟಿಗಿ, ಅರ್ಧ ಸಂತ್ಯಾಗ ಮಾರಿ ಬೆಳಗಾಂವಿ ಖರ್ಚಿಗಿ. ಒಲಿ ಅಂದ ಮ್ಯಾಲ ತನ್ನ ಒಲಿದೂ ಸೇರು ಗೇಟಿನಣ್ಣನ ಹೆಂಡತಿ ತಪ್ಪದ ಅಳದು ಕೊಡತಿದ್ಲು. ಆಮ್ಯಾಲ ಮುಕಾದಮ ಕಣ್ಣು ತಗದ.

ಮುಕಾದಮ ಮೇಂಬರಲ್ಲ. ಅವನ ಕಡೆಯ ಮಂದಿನೂ ಅಲ್ಲ. ಆದ್ರ ಸೂಟಿ ದಿನ ನಮಗಿಂತ ಮೊದಲ ಮಕ್ಕೊಂಡು ನಮಗಿಂತ ಜೋರ ಗೊರಕಿ ಹೊಡ್ಯಾವ್ರು ಅವ್ರ. ಒಂದ ತಿಂಗಳು ಚೀಲ ಹೊತಗೊಂಡು ಅವರ ಸಾಲಿಗಿ ಹೋದ್ರ, ಮುಕಾದಮ ಹೊರಸಿನ ಮ್ಯಾಲ ಕುಂತು ಎಲಿ ಅಡಿಕಿ ಹಾಕ್ಕೊಳ್ಳಾಕತ್ತಿದ್ದ.

"ಯಾರ ಮನಿಗಿ ಹೊಂಟಿ?"

"ಈ ಸಾಲಿಗೆಲ್ಲಾರಿ ಕಾಕಾ. ಮನಿಗೊಂದು ಸೇರು."

"ಮನಿಗೋ, ಒಲಿಗೋ?"

"ಒಲಿಗಿರಿ."

"ಹಂಗಾರ ಒಂದ ಸೇರು ಒಯ್ಯಿ. ಈ ಸಾಲಿಗೆಲ್ಲಾ ಒಂದ ಒಲಿ. ನಮ್ಮ ಮನ್ಯಾಗ ಮಾಡತಾರು, ಎಲ್ಲಾರೂ ಬಂದು ಉಣತಾರು."

ನಾ ಸಾಲು ನೋಡಿದ್ನಿ. ಒಂದ ಗುಡಸಲ ಬಿಡದಂಗ ಹೊಗಿ ಏಳಾಕತ್ತಿತ್ತು.

"ಮತ್ತ ಈ ಹೊಗಿ ಯಾವುದ್ರಿ?"

"ಚಿಲುಮಿ ಸೇದಾಕತ್ತಾರು."

"ಹೆಣ್ಮಕ್ಕಳೂ ಸೇದತಾರೇನ್ರಿ? ನಿಮ್ಮ ಸೊಸಿ ಚಿಲುಮಿಯೊಳಗ ರೊಟ್ಟಿ ಬಡದ ಸಪ್ಪಳ ಕೇಳಸಾಕತ್ತೇತಿ."

ಸಾಲಿನ ಮಂದೆಲ್ಲಾ ನಕ್ರು, ಅವನ ಮಂದಿನೂ ನಕ್ರು. ಅದ ನಂದು ಕೆಟ್ಟ ಹೊತ್ತು. ಮುಕಾದಮ ನಗಲಿಲ್ಲ. ಎಲಿ ಉಗುಳಿ, "ನಗಸಾಕ ಚಲೋ ಬರತೈತಿ ನಿನಗ. ಗೋಕಾಕದಾಗ ನಗಸು ಬಾ" ಅಂದ.

ವಾರ ಒಪ್ಪತ್ತಿನ್ಯಾಗ ನೋಟೀಸು ಬಂತು. ಮೇಂಬರಲ್ಲದಾವ್ರ ಕಡಿಂದ ಯೂನಿಯನ್ನು ಒತ್ತಾಯದಿಂದ ಪಾಲು ಎತ್ತತೈತಿ, ಇದು ಕಾಯ್ದಾಕ್ಕ ವಿರುದ್ಧ ಅಂತ ಮುಕಾದಮ ಅರ್ಜಿ ಹಾಕಿದ್ದ. ಕಾಮಗಾರರ ಜಗಳಾ ವಿಚಾರಸೂ ಸಾಹೇಬ ಗೋಕಾಕಕ್ಕ ಬಂದು ಸರಕಾರಿ ಬಂಗ್ಲ್ಯಾಗ ಕುಂತು ಕೇಳತಾನು ಅಂತ ಇತ್ತು. ಚಾಚಾ ಅದನ್ನ ನನ್ನ ಕಡಿಂದ ಎರಡ ಸಲ ಓದಿಸಿದ. ನಾ ಎರಡನೇ ಸಲ ಓದುವಾಗ ಮುಕಾದಮನ ದನಿ ತಗದು ಓದಿದ್ನಿ. ಚಾಚಾ ನಗಲಿಲ್ಲ.

ನಮ್ಮ ವಕೀಲ ಆದ ಅನಾಹುತ ಬಿಡಿಸಿ ಹೇಳಿದ. ಬೆಳಗಾಂವಿ ಕೇಸು ಗೋಕಾಕದ್ದು ತೀರೂಮಟಾ ನಿಂತಿತು. ಗೋಕಾಕದಾಗ ಪಾಲು ತಪ್ಪು ಅಂತ ಆದ್ರ ಯೂನಿಯನ್ನಿನ ಮಾನ್ಯತಾ ಹೋಗತೈತಿ. ಮಾನ್ಯತಾ ಹೋದ್ರ ಗೇಟಿನಣ್ಣನ ಪರವಾಗಿ ನಿಲ್ಲಾಕ ಬೆಳಗಾಂವ್ಯಾಗ ಯಾರಿಗೂ ಅಧಿಕಾರ ಇರಂಗಿಲ್ಲ. ಅಂವ ಅಲ್ಲೇ ಮೂಲ್ಯಾಗ ಕುಂತಿದ್ದ. ಎಲ್ಲಾ ಕೇಳಿ, "ಅಂದ್ರ ನನ್ನ ಗೇಟು ಈಗ ಒಲಿ ಮ್ಯಾಲ ಬಂತು" ಅಂದ. ಅಂವ ನಗಸಾಕ ಹೇಳಿದ್ದಲ್ಲ. ಹಿಂಗಾಗಿ ನಾನೂ ಸುಮ್ಮನ ಕುಂತ್ನಿ. ನಾ ಸುಮ್ಮನ ಕುಂತದ್ದನ್ನ ನೋಡಿ ವಕೀಲ ಗಾಬರಿಯಾಗಿ ನೀರು ಕುಡದ.

ಮೊದಲನೇ ತಾರೀಖಿಗಿ ಗೋಕಾಕಕ್ಕ ಹೋದ್ವಿ. ಸಾಹೇಬ ಮೈಸೂರು ಕಡೆಯಾಂವ, ಪುಸ್ತಕದಾಗಿನ ಕನ್ನಡ ಮಾತಾಡತಿದ್ದ. ಮೊದಲು ಕೇಳಿದ್ದ ಹಿಂಗ: "ಒಲೆ ಎಂದರೆ ಏನು? ಯಾವುದನ್ನು ಒಂದು ಒಲೆ ಎಂದು ಲೆಕ್ಕ ಹಿಡಿಯುತ್ತೀರಿ?"

ನಮ್ಮ ವಕೀಲ, "ಎಲ್ಲಿ ರೊಟ್ಟಿ ಬೇಯತದೋ ಅದು ಒಲೆ, ಸ್ವಾಮಿ."

ಮುಕಾದಮನ ವಕೀಲ ಎದ್ದ. ಅಂವ ಕರೆ ಕೋಟಿನ ಕಿಸೇದಾಗ ಕೈಯಿಟಗೊಂಡ ಮಾತಾಡಾಂವ, ಒಳಗ ಏನೋ ಕಚ್ಚಾಕತ್ತಂಗ. "ಮೂರು ಕಲ್ಲು ಇಟ್ಟರೆ ಒಲೆಯೇ? ಹಾಗಾದರೆ ಈ ಬಂಗಲೆಯ ಹಿಂದೆ ಸಾಹೇಬರ ಜವಾನ ಚಹಾ ಕಾಯಿಸುತ್ತಾನೆ. ಸಾಹೇಬರೂ ಒಂದು ಸೇರು ಕೊಡಬೇಕೋ?"

"ಸಾಹೇಬ್ರು ನಾವು ತಂದ ಸೂಟಿ ತೊಗೊಂಡ್ರ ಕೊಡಬೇಕ್ರಿ" ಅಂತ ಹಿಂದಿಂದ ನನ್ನ ಬಾಯಿ ಅಂತು. ನಾ ಅಲ್ಲ, ಬಾಯಿ.

ಜವಾನ ನನ್ನ ರಟ್ಟಿ ಹಿಡಿದ. ಸಾಹೇಬ ಕನ್ನಡಕ ತಗದು ನನ್ನ ನೋಡಿ, "ಯಾರು ಈ ಹುಡುಗ?" ಅಂದ.

"ಪಾಲು ಎತ್ತುವವನು ಇವನೇ" ಅಂತ ಇಬ್ಬರೂ ವಕೀಲರೂ ಕೂಡೇ ಹೇಳಿದ್ರು. ಅಲ್ಲೀತನಕ ಅವರಿಬ್ಬರೂ ಒಪ್ಪಿದ ಮಾತು ಅದೊಂದ. ಸಾಹೇಬ ಮೀಸಿಯೊಳಗ ನಕ್ಕು, ಮೊದಲು ಜಾಗ ನೋಡತೇನಿ, ಆಮ್ಯಾಲ ಇವನ ಸಾಕ್ಷಿ ಕೇಳತೇನಿ ಅಂತ ಬರಸಿದ.

ಜಾಗ ನೋಡೂ ದಿನ ಸಾಹೇಬನ ಜೀಪು ಬರೂದು ಮುಕಾದಮನ ಸಾಲಿಗಿ ಮುಂಜಾನೇನ ಗೊತ್ತಾತು. ಜೀಪು ಮುಟ್ಟೂದ್ರಾಗ ಒಲಿಗೋಳೆಲ್ಲಾ ಮಾಯ. ಯಾರೋ ಒಲಿ ಕಿತ್ತು ಸಗಣಿ ಬಳದಿದ್ರು, ಯಾರೋ ಮ್ಯಾಲ ಕೌದಿ ಹಾಸಿ ಕೂಸಿನ ಮಲಗಿಸಿದ್ರು. ಒಬ್ಬಾಕಿ ಅಜ್ಜಿ ಮಾತ್ರ ಒಲಿ ಮ್ಯಾಲ ಗೋಣಿ ತಟ್ಟು ಹಾಸಿ ಕುಂತಬಿಟ್ಟಿದ್ಲು. ಕೆಂಡ ಆರಿಲ್ಲ ಪಾಪ. ಸಾಹೇಬ ಪ್ರಶ್ನಾ ಕೇಳತಾನು, ಆಕಿ ಒಂದ ಕಡೆ ಬಾಗತಾಳು. ಮತ್ತ ಕೇಳತಾನು, ಇನ್ನೊಂದ ಕಡೆ ಬಾಗತಾಳು.

"ಏಕಮ್ಮ, ಆರೋಗ್ಯ ಸರಿಯಿಲ್ಲವೇ?"

"ವಾತರಿ ಸಾಹೇಬ್ರ."

"ಎಷ್ಟು ದಿನದಿಂದ?"

"ಜೀಪು ಬಂದಾಗಿಂದರಿ" ಅಂದ್ನಿ ನಾ.

ಅಜ್ಜಿ ಎದ್ದಳು. ಸಾಹೇಬ ಮೊಣಕಾಲೂರಿದ, ಬೂದ್ಯಾಗ ಕೈ ಹಾಕಿದ. ಉಳದದ್ದನ್ನ ಮೊದಲ ಹೇಳೇನಿ. ಇಡೀ ಸಾಲಿಗಿ ಒಂದ ಒಲಿ ಅನ್ನೂದು ಸುಳ್ಳು ಅಂತ ಗುಮಾಸ್ತ ಬರಕೊಂಡ. ಜೀಪು ಹೋದಮ್ಯಾಲ ಗ್ಯಾಂಗಿನಾವ್ರು ನನ್ನ ಹೆಗಲ ಮ್ಯಾಲ ಕುಂಡರಿಸಿಕೊಂಡು ಕಾಲುವಿ ದಂಡಿಗುಂಟ ಹಿಡಕಲ್‌ಮಟಾ ಮೆರವಣಿಗಿ ಮಾಡಿದ್ರು. ಹಿಡಕಲ್ ದೂರ ಐತಿ ಅಂತೀರಿ. ಹೋಗ್ಲಿ, ಬೇವಿನ ಗಿಡದಮಟಾ ಅನ್ರಿ.

ಎಲ್ಲಾ ನಮ್ಮ ಕಡೆ ತಿರಗಿತ್ತು. ಗೇಟಿನಣ್ಣ ಆ ಸಂಜಿ ದಂಡಿ ಮ್ಯಾಲ ಹೋಗಲಿಲ್ಲ, ಮಕ್ಕಳ ಸಂಗತೀಲೆ ಕುಂತು ಉಂಡ. ಅವನ ಹೆಂಡತಿ ನಮ್ಮ ಮನಿಗಿ ಬಂದು ಅವ್ವನ ಕೂಡ ಬಾಳ ಹೊತ್ತು ಸಣ್ಣ ದನೀಲೆ ಮಾತಾಡಿದ್ಲು. ನನಗ ಅವಾಗ ಸಣ್ಣ ದನಿ ಕೇಳೂ ಪುರಸೊತ್ತಿರಲಿಲ್ಲ.

ಮರುದಿನ ಅವ್ವ ರೊಟ್ಟಿ ಬಡಕೋತ ಕೇಳಿದ್ಲು, "ಆ ಸಾಲಿನ ಒಲಿ ಸಾಹೇಬಗ ಕಂಡ್ವು. ನಮ್ಮ ಸಾಲಿನ ಒಲಿ ನೋಡಿದ್ನೇನು?"

"ನಾವು ಕೊಡಾಕತ್ತೇವಲ್ಲವ್ವ, ನೋಡಾಕೇನೈತಿ?"

"ನೀ ಮೇಂಬರೈದಿ. ನನ್ನ ಒಲಿಯಿಂದ ನೀ ಕೊಟ್ಟಂಗಾತು. ಗೇಟಿನಾಕಿ ಒಲಿಯಿಂದ ಯಾರು ಕೊಟ್ಟಂಗಾತು? ಅಕಿ ಗಂಡ ಈಗ ಗ್ಯಾಂಗಿನ್ಯಾಗಿಲ್ಲ. ಕೂಲಿ ಅಕೀದು, ಜ್ವಾಳಾನೂ ಅಕೀದು. ಆ ಕಡೆ ಒಂಟಿ ಹೆಣ್ಮಕ್ಕಳು ಅದಾರ, ಅವರ ಹೆಸರು ಎಲ್ಲಿ ಬರದಾರು?"

"ಹೆಣ್ಮಕ್ಕಳ ಹೆಸರು ಬರೀಬೇಕಂದ್ರ ಪುಸ್ತಕ ದೊಡ್ಡದ ಬೇಕಾಗತೈತಿ ಯವ್ವಾ. ನೀವು ಬೈಯೂದನ್ನೂ ಅದರಾಗ ಬರೀಬೇಕಲ್ಲ."

ಅವ್ವ ಹಂಚಿನ ಮ್ಯಾಲಿನ ರೊಟ್ಟಿ ತಿರಿವಿ ಹಾಕಿದ್ಲು. "ಚಾಚಾಗ ಕೇಳು. ನಾವು ಕೊಡಂಗಿಲ್ಲ ಅನ್ನಾಕತ್ತಿಲ್ಲ. ನಮ್ಮನ್ನೂ ಒಳಗ ತೊಗೊರಿ ಅಂತ ಕೇಳು. ನಗಸಾಕ ಹೋಗಬ್ಯಾಡ, ನೆಟ್ಟಗ ಕೇಳು."

ನೆಟ್ಟಗ ಕೇಳಿದ್ನಿ. ಇದನ್ನ ನೀವು ನಂಬಬೇಕು. ಕಲ್ಲು ಕೆತ್ತಾಕತ್ತಿದ್ದ ಚಾಚಾ ಉಳಿ ಕೆಳಗಿಟ್ಟ. "ಖರೆ ಅದು" ಅಂದ. ಕೈಯಾಗಿನ ಧೂಳ ಝಾಡಿಸಿ ಇನ್ನೊಮ್ಮಿ "ಖರೆ ಅದು" ಅಂದು, ನನ್ನ ಕರಕೊಂಡು ವಕೀಲನ ಹತ್ತಿರ ಹೋದ.

ವಕೀಲ ಕುರ್ಚಿ ಬಿಟ್ಟ ಎದ್ದ. "ಈಗ? ವಿಚಾರಣಾ ಅರ್ಧಕ್ಕ ಬಂದಾಗ ನಿಯಮ ತಿದ್ದತೀರಿ? ತಿದ್ದಿದ್ರ ಮೊದಲಿದ್ದದ್ದು ತಪ್ಪಂತ ನೀವ ಒಪ್ಪಿಕೊಂಡಂಗ. ಆ ಕರೆ ಕೋಟಿನಾಂವ ಅದನ್ನ ಹಿಡಕೊಂಡು ಕುಣೀತಾನು. ಗೆದ್ದ ಬರ್ರಿ, ಮರುದಿನ ಬೇಕಾದವರ ಹೆಸರು ಬರಕೋರಿ. ನಿಮ್ಮ ಆಕಳದೂ ಬರಕೋರಿ."

ಅವತ್ತ ಕಮಿಟಿ ಕೂಡಿತು. ಮಾತು ಅಷ್ಟೇನೂ ಆಗಲಿಲ್ಲ. ಗೇಟಿನಣ್ಣ ಬಾಗಲದಾಗ ನಿಂತಿದ್ದ, ಅವನ ಮಾರಿ ನೋಡಿ ಯಾರಿಗೂ ಮಾತು ಬೆಳಸೂ ಮನಸ್ಸಾಗಲಿಲ್ಲ. ಕಡೀಕ ಚಾಚಾ, "ಕೇಸು ತೀರಲಿ. ತೀರಿದ ದಿನಾನ ಹೆಣ್ಮಕ್ಕಳ ಹೆಸರು ಬರಿಯೂಣು. ಇದು ನನ್ನ ಜಬಾನು" ಅಂದ. ಕೈ ಎತ್ತಿಸಿದ್ರು. ಎಲ್ಲಾರೂ ಎತ್ತಿದ್ರು. ನಾನೂ ಎತ್ತಿದ್ನಿ.

ಅವ್ವಗ ಬಂದು ಹೇಳಿದ್ನಿ, "ಆಗತೈತಿ ಅಂದಾರ. ಕೇಸು ಮುಗದ ಕೂಡಲೇ."

"ಯಾರು ಮುಗಸಾವ್ರು?"

"ಗೋಕಾಕದ ಸಾಹೇಬ."

"ಹೆಸರು ಬರಿಯೂದು ಬಿಡೂದು ಅವನ ಕೈಯಾಗ ಐತೇನು?"

"ಎಲ್ಲಾ ಅವನ ಕೈಯಾಗ ಐತವ್ವ" ಅಂದು ನಾ ಕನ್ನಡಿ ಮುಂದ ನಿಂತ್ನಿ. ಮುಂದಿನ ತಾರೀಖಿಗಿ ನಂದ ಸಾಕ್ಷಿ. ವಕೀಲ ಏನೇನು ಹೇಳಬೇಕು ಅಂತ ಕಲಿಸಿದ್ದ: ಒತ್ತಾಯ ಇಲ್ಲ, ಹೊಡತ ಇಲ್ಲ, ಬೈಗಳ ಇಲ್ಲ, ಕೊಟ್ಟಾವ್ರು ನಗನಗತಾ ಕೊಟ್ಟಾರು. ಇಷ್ಟು ಹೇಳಾಕ ಕನ್ನಡಿ ಬೇಕಿರಲಿಲ್ಲ, ಆದ್ರ ಕೂದಲಾ ತೀಡಾಕ ಬೇಕಿತ್ತು. ಒಂದು ಊರಿಗಾಗೂವಷ್ಟು ಎಣ್ಣಿ ಹಚ್ಚಿದ್ನಿ. ಬಸ್ಸಿನ್ಯಾಗ ನೊಣಾ ನನ್ನ ತಲಿ ಮ್ಯಾಲ ಕುಂತು ಜಾರಿ ಬಾಜೂದವನ ತೊಡಿ ಮ್ಯಾಲ ಬೀಳತಿದ್ವು.

ತಾರೀಖಿನ ದಿನ ಬಂಗ್ಲ್ಯಾಗ ಕಾಲಿಡಾಕ ಜಾಗ ಇರಲಿಲ್ಲ. ಹಿಂದಿನ ಸುದ್ದಿ ಕೇಳಿ, ಅಜ್ಜಿ ಒಲಿ ಮ್ಯಾಲ ಕುಂತದ್ದನ್ನ ನನ್ನ ಬಾಯಿಂದ ಕೇಳಾಕ ಗೋಕಾಕದ ಕಿರಾಣಿ ಅಂಗಡಿಯವರೂ ಬಂದಿದ್ರು. ಗೇಟಿನಣ್ಣ ಮುಂದಿನ ಬಾಕದ ಮ್ಯಾಲ ಒಗದ ಅಂಗಿ ಹಾಕ್ಕೊಂಡು ಕುಂತಿದ್ದ. ಕುಂತ ಜಾಗಾ ಬಿಟ್ಟು ಅಲಗ್ಯಾಡಲಿಲ್ಲ.

ನಮ್ಮ ವಕೀಲ ಕೇಳಿದ್ದಕ್ಕೆಲ್ಲಾ ಕಲಿತ ಹಂಗ ಹೇಳಿದ್ನಿ. ಆಮ್ಯಾಲ ಕರೆ ಕೋಟಿನಾಂವ ಎದ್ದ.

"ಕೊಡದಿದ್ದವರನ್ನು ಏನು ಮಾಡುತ್ತಿದ್ದೆ?"

"ಏನೂ ಮಾಡತಿದ್ದಿಲ್ರಿ."

"ಸುಳ್ಳು. ಅವರ ಬಾಗಿಲ ಮುಂದೆ ಕೂರುತ್ತಿದ್ದೆ ಎಂದು ನನ್ನ ಕಕ್ಷಿದಾರರು ಹೇಳುತ್ತಾರೆ."

"ಕುಂಡರತಿದ್ನಿರಿ. ಕೂತಗೊಂಡು ಅವರನ್ನ ಮಾಡಿ ತೋರಸತಿದ್ನಿ."

"ಅಂದರೆ?"

"ಅವರು ಸೂಟಿ ದಿನ ಹೆಂಗ ಮಕ್ಕೊತಾರು ಅಂತ ರಿ. ಗೊರಕಿ ಸಕಟ."

ಹಿಂದ ಯಾರೋ ಕಿಸಕ್ಕಂದ್ರು. ವಕೀಲ ಸಾಹೇಬನ ಕಡೆ ತಿರಗಿ, "ಇದು ಅವಮಾನ, ಇದೇ ಒತ್ತಾಯ" ಅಂದ. ಸಾಹೇಬ ಪೆನ್ನು ಕೆಳಗಿಟ್ಟು, "ಅವಮಾನವೋ ಅಲ್ಲವೋ ನೋಡದೆ ಹೇಗೆ ಹೇಳಲಿ? ಮಾಡಿ ತೋರಿಸಪ್ಪ" ಅಂದ.

ನಿಮಗ ಹೇಳತೇನಿ, ನನ್ನ ಜನ್ಮದಾಗ ಅಂಥಾ ಹೊತ್ತು ಮತ್ತ ಬರಂಗಿಲ್ಲ. ಸಾಕ್ಷಿ ಕಟಕಟಿ ಅಂತ ಇಟ್ಟಿದ್ದ ಟೇಬಲ್ಲಿನ ಮ್ಯಾಲ ತಲಿ ಇಟ್ನಿ, ಕಣ್ಣ ಮುಚ್ಚಿದ್ನಿ, ಬಾಯಿ ತಗದ್ನಿ. ಮೊದಲು ಮುಕಾದಮನ ಗೊರಕಿ: ಬತ್ತಿದ ಬಾವ್ಯಾಗ ಕೊಡಾ ಎಳದಂಗ. ನಡುವ ಅಂವ ನಿದ್ದ್ಯಾಗ "ಯೂನಿಯನ್ನು ಬ್ಯಾಡ" ಅಂತ ಕನವರಸೂದು. ಬಂಗ್ಲಿ ಹಾರಿ ಹೋಗುವಂಗ ನಕ್ರು. ಜವಾನ ನಕ್ಕ, ಗುಮಾಸ್ತ ನಕ್ಕ, ಸಾಹೇಬನ ನಗು ಬ್ಯಾರೆ ಕೇಳತಿತ್ತು, ಬಿಕ್ಕಳಿಕಿಗತೆ. ನಾ ಕಣ್ಣ ಮುಚ್ಚಕೊಂಡ ಎಣಸಾಕತ್ತಿದ್ನಿ, ಇನ್ನ ಯಾರ್ಯಾರ ಗೊರಕಿ ಉಳದಾವು ಅಂತ.

ಆಮ್ಯಾಲ ನಗು ಒಂದೊಂದ ಕಡಿಂದ ನಿಂತಿತು. ಬಾಗಲದ ಕಡಿಂದ ಸುರುವಾಗಿ ಮುಂದಿನ ಬಾಕದಮಟಾ.

ಕಣ್ಣ ತಗದ್ನಿ. ಬಾಗಲದಾಗ ನಮ್ಮವ್ವ ನಿಂತಿದ್ಲು. ಮೊಣಕಾಲಮಟಾ ಹೂಳ, ಕಚ್ಚಿ ಹಾಕಿದ ಸೀರಿ, ತಲಿ ಮ್ಯಾಲ ಸಿಂಬಿ ಇನ್ನೂ ಹಂಗ. ಹಿಂದ ಗೇಟಿನಾಕಿ, ಅವರ ಹಿಂದ ಬುಟ್ಟಿ ಹೊರೂ ಹೆಣ್ಮಕ್ಕಳು. ಅರ್ಧ ಕೆಲಸ ಬಿಟ್ಟು, ಸಂತಿಗಿ ಹೊಂಟ ಲಾರಿ ಹತ್ತಿ ಬಂದಿದ್ರು. ಜವಾನ ಅಡ್ಡ ನಿಂತ. ಅವ್ವ ಅವನ ಕೈ ಕೆಳಗ ಬಾಗಿ ಒಳಗ ಬಂದ್ಲು.

"ಯಾರಮ್ಮ ನೀವು?" ಅಂದ ಸಾಹೇಬ, ಕಣ್ಣೊರಸಿಕೋತ.

"ಈ ಮಕ್ಕೊಂಡಾನಲ್ಲರಿ, ಇವನ ಅವ್ವ."

ಯಾರೂ ನಗಲಿಲ್ಲ. ನಾ ತಲಿ ಎತ್ತಿ ನೆಟ್ಟಗ ನಿಂತ್ನಿ.

"ಸಾಹೇಬ್ರ, ನಾವು ಹೂಳ ಹೊರಾವ್ರು. ಗಂಡಮಕ್ಕಳು ಕೊಟ್ಟಷ್ಟ ನಾವೂ ಕೊಟ್ಟೇವಿ, ಒಲಿಗೊಂದು ಸೇರು. ಕೊಡೂದಿಲ್ಲ ಅನ್ನಾಕ ಬಂ‌ದಿಲ್ಲರಿ. ಇನ್ನ ಮುಂದೂ ಕೊಡತೇವಿ. ಈಕಿ ಗಂಡನ ಕೆಲಸ ಬರೂಮಟಾ ಕೊಡತೇವಿ. ಆದ್ರ ಯೂನಿಯನ್ನಿನ್ಯಾಗ ನಮ್ಮ ಹೆಸರಿಲ್ಲ. ಎಲ್ಲಾ ನಿಮ್ಮ ಕೈಯಾಗ ಐತಂತ ನನ್ನ ಮಗ ಹೇಳಿದ. ಅದಕ್ಕ ಎಲ್ಲಾರೂ ಬಂದೇವಿ. ಬರಕೋರಿ."

ಕರೆ ಕೋಟಿನಾಂವ ಕಿಸೇದಾಗಿನ ಎರಡೂ ಕೈ ಹೊರಗ ತಗದ. "ಸ್ವಾಮಿ, ಈ ಹೇಳಿಕೆ ದಾಖಲಾಗಬೇಕು" ಅಂದ, ಅದೂ ಮೆಲ್ಲಕ.

ಸಾಹೇಬ ಚಾಚಾನ ಕಡೆ ನೋಡಿದ. "ಇವರಿಂದ ಪಾಲು ತೆಗೆದುಕೊಂಡದ್ದು ನಿಜವೇ?"

"ಹೌದ್ರಿ."

"ಇವರು ಸದಸ್ಯರೇ?"

ನಮ್ಮ ವಕೀಲ ಚಾಚಾನ ಕಿವಿಗಿ ಬಾಗಿ ಏನೋ ಅಂದ. ನನಗ ಕೇಳಿಸಿತು: ಅರ್ಧ ಮೇಂಬರು ಅನ್ರಿ, ಏನರೆ ಅನ್ರಿ. ಚಾಚಾ ಗೇಟಿನಣ್ಣನ ನೋಡಿದ. ಗೇಟಿನಣ್ಣ ಬಾಗಲದಾಗ ನಿಂತ ತನ್ನ ಹೆಂಡತೀನ ನೋಡಾಕತ್ತಿದ್ದ. ಅಕಿ ಅವನ ಕಡೆ ನೋಡಿ ಸಣ್ಣಂಗ ನಗಾಕತ್ತಿದ್ಲು, ಕೆಲಸ ಆತು ಅನ್ನೂವಂಗ.

"ಅಲ್ಲರಿ ಸಾಹೇಬ್ರ" ಅಂದ ಚಾಚಾ.

"ಇವರು ಸದಸ್ಯರಾಗಲು ನಿಮ್ಮ ನಿಯಮದಲ್ಲಿ ಅವಕಾಶವಿದೆಯೇ?"

"ಇಲ್ಲರಿ."

ಮುಕಾದಮ ಎಲಿ ಅಡಿಕಿ ಚೀಲ ಬಿಚ್ಚಾಕ ಹೋಗಿ ಹಂಗ ಬಿಟ್ಟ. ಸಾಹೇಬ ಕೆಳಗಿಟ್ಟ ಪೆನ್ನು ಮತ್ತ ಕೈಯಾಗ ತಗೊಂಡ. "ಸೇರದೆ ಹೊರಗೆ ಉಳಿದವರು ಪಾಲು ಕೊಡಬೇಕು ಎನ್ನುವುದು ಒಂದು ಮಾತು. ನೀವೇ ಹೊರಗಿಟ್ಟವರಿಂದ ಪಾಲು ತೆಗೆಯುವುದು ಬೇರೆ ಮಾತು. ಇದನ್ನು ನಾನು ಹೇಗೆ ಬಿಡಲಿ?" ಅಂದ. ಅದನ್ನ ಅಂವ ಯಾರಿಗೂ ಹೇಳಿದಂಗ ಇರಲಿಲ್ಲ. ನನಗ ಕೈಮಾಡಿ "ನೀನು ಇಳಿ" ಅಂದ. ಇಳಿಯಾಕ ಅಲ್ಲಿ ಮೆಟ್ಟಲೇನೂ ಇರಲಿಲ್ಲ, ಆದ್ರೂ ನಾ ಇಳದ್ನಿ.

ಸಾಹೇಬ ಹೊಸಾ ಹಾಳಿ ತಗೊಂಡು ತಾನ ಬರಿಯಾಕ ಸುರು ಮಾಡಿದ. ನಮ್ಮ ವಕೀಲ ಅದರ ಕಡೆ ಒಮ್ಮಿ ನೋಡಿ ತನ್ನ ಕಾಗದ ಕಟ್ಟಾಕ ಸುರು ಮಾಡಿದ. ಗೇಟಿನಣ್ಣ ತನ್ನ ಅಂಗೈ ನೋಡಕೋತ ಕುಂತಿದ್ದ.

ಅವ್ವ ನನ್ನ ಬಾಜೂಕ ಬಂದು ನಿಂತು, ಸಿಂಬಿ ತಗದು ಕೈಯಾಗ ಹಿಡಕೊಂಡು, ಸಾಹೇಬ ಬರಿಯೂದನ್ನ ನೋಡಿ ಮೆಲ್ಲಕ ಕೇಳಿದ್ಲು:

"ತಮ್ಮಾ, ಮೊದಲು ಯಾರ ಹೆಸರು ಬರಿಯಾಕತ್ತಾನ?"